ತೋಡಿನ ಮೋರಿ ಕಟ್ಟಿಕೊಂಡಿದೆ, ಭಾನುವಾರ ಬೆಳಿಗ್ಗೆ ಬಿಡಿಸೋಣ

ತೋಟದಮನೆ ಅಕ್ಕ: ಎಲ್ಲರಿಗೂ ನಮಸ್ಕಾರ. ಮೇ ತಿಂಗಳು ಮುಗಿಯುತ್ತಾ ಬಂತು. ನಮ್ಮ ಕಾಸರಗೋಡಿನಲ್ಲಿ ಜೂನ್ 1ರ ಆಸುಪಾಸಿನಲ್ಲಿ ಮಳೆಗಾಲ ಶುರು. ಇವತ್ತು ತೋಡಿನ (ಸಣ್ಣ ಹಳ್ಳದ) ಹತ್ರ ಹೋಗಿ ನೋಡಿದೆ. ಮೋರಿಯ ಬಾಯಿಗೆ ಒಂದು ಹರಿದ ಚಾಪೆ ಸಿಕ್ಕಿಕೊಂಡಿದೆ. ಅದರ ಹಿಂದೆ ಬೊಂಡದ ಚಿಪ್ಪು, ಮಡಲು, ಪ್ಲಾಸ್ಟಿಕ್. ಮಣ್ಣು ತುಂಬಿ ಮೇಲೆ ಕೆಸುವಿನ ಗಿಡವೇ ಎದ್ದು ನಿಂತಿದೆ. ಫೋಟೋ ಹಾಕಿದ್ದೇನೆ.

ಮಾಷ್ಟ್ರು: ನೋಡಿದೆ. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಅಂದರೆ 24 ಗಂಟೆಯಲ್ಲಿ 204.5 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಮಳೆ. ಒಂದು ಚದರ ಮೀಟರ್ ಜಾಗಕ್ಕೆ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಲೆಕ್ಕ ಹಾಕಿ, 10 ಸೆಂಟ್ಸ್ ಜಾಗದ ಮೇಲೆ 80 ಸಾವಿರ ಲೀಟರಿಗೂ ಜಾಸ್ತಿ ಆಗುತ್ತದೆ. ನಮ್ಮೆಲ್ಲರ ಮನೆಯ ನೀರೂ ಹೋಗಬೇಕಾದ್ದು ಆ ಒಂದೇ ಮೋರಿಯಲ್ಲಿ.

ಕೆಳಗಿನಮನೆ ತಮ್ಮ: ಅಕ್ಕಾ, ಕಳೆದ ಮಳೆಗಾಲದಲ್ಲಿ ನಿಮ್ಮಲ್ಲಿ ಆದದ್ದನ್ನು ಇಲ್ಲಿ ಬರೆಯಿರಿ. ಹೊಸದಾಗಿ ಬಂದವರಿಗೆ ಗೊತ್ತಿಲ್ಲ.

ತೋಟದಮನೆ ಅಕ್ಕ: ಬರೆಯುತ್ತೇನೆ. ರೆಡ್ ಅಲರ್ಟ್ ದಿನ ಫೋನಿಗೆ ಬಂದ ಮೆಸೇಜ್ ಮಲಯಾಳದಲ್ಲಿತ್ತು. ಮಗಳು ಅತ್ತೆಗೆ ಓದಿ ಹೇಳಿದಳು. ಎಮರ್ಜೆನ್ಸಿ ಕಿಟ್ ಕಟ್ಟಿಡಬೇಕು, ಕುಡಿಯುವ ನೀರು, ಟಾರ್ಚ್, ಮದ್ದು, ದಾಖಲೆ ಪತ್ರ, ಸೀಟಿ, ಒಣ ತಿಂಡಿ. ಒಣ ತಿಂಡಿ ಅಂದದ್ದೇ ತಡ, ಅತ್ತೆ ಮಗನನ್ನು ಅಟ್ಟಕ್ಕೆ ಹತ್ತಿಸಿದರು. ಹಲಸಿನ ಹಪ್ಪಳದ ಡಬ್ಬ ಇಳಿಯಿತು, ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ) ಇಳಿಯಿತು. "ಹಪ್ಪಳ ಕರಿಯುವುದು ಎಲ್ಲಿ ಅಜ್ಜೀ?" ಅಂತ ಮಗ ಕೇಳಿದ. ಸರಿ, ಬಾಣಲೆ ಮತ್ತು ತೆಂಗಿನೆಣ್ಣೆಯೂ ಚೀಲಕ್ಕೆ ಸೇರಿದವು.

ಮಾವ ರೇಷನ್ ಕಾರ್ಡು, ಜಾಗದ ಕಾಗದ ಎಲ್ಲ ಪ್ಲಾಸ್ಟಿಕ್ ಕವರಿಗೆ ಹಾಕಿ, ಅಡಿಕೆ ಗೋಣಿಯಲ್ಲಿಟ್ಟು ದಬ್ಬಣದಲ್ಲಿ ಬಾಯಿ ಹೊಲಿದರು. ಆಮೇಲೆ ಮನೆ ಇಡೀ ಕನ್ನಡಕ ಹುಡುಕಿದೆವು. ಅದು ಗೋಣಿಯೊಳಗೇ ಇತ್ತು. ಕನ್ನಡಕ ಇಲ್ಲದೆ ಹೊಲಿಗೆ ಬಿಚ್ಚಲಿಕ್ಕೆ ಅವರಿಗೆ ಕಾಣುವುದಿಲ್ಲ, ಬೇರೆಯವರು ಬಿಚ್ಚಲಿಕ್ಕೆ ಅವರು ಬಿಡುವುದಿಲ್ಲ!

ನಡುರಾತ್ರಿ ಕರೆಂಟು ಹೋಯಿತು. ಸೀಟಿ ಸರಿ ಇದೆಯಾ ನೋಡುತ್ತೇನೆ ಅಂತ ಮಗ ಜೋರಾಗಿ ಊದಿದ. ಎದುರುಮನೆ ಭಟ್ಟಮಾವ ಆ ಮಳೆಯಲ್ಲಿ ಹಗ್ಗ ಹಿಡಿದು ಓಡಿ ಬಂದರು. ಬಂದವರನ್ನು ಸುಮ್ನೆ ಕಳಿಸಲಿಕ್ಕಾಗುತ್ತದಾ? ಅತ್ತೆ ಚೀಲ ಬಿಚ್ಚಿ ಹಪ್ಪಳ ಕರಿದರು. ಎಲ್ಲರೂ ತಿನ್ನುತ್ತಾ ಕೂತಿದ್ದಾಗ ನೀರು ಹೊಸ್ತಿಲು ದಾಟಿತು. ಆಗ ಮಿಡಿ ಉಪ್ಪಿನಕಾಯಿಯ ಭರಣಿ ಮಹಡಿಗೆ ಹೊರಟಿತು. ಒಂದು ಕಡೆ ಭಟ್ಟಮಾವ, ಇನ್ನೊಂದು ಕಡೆ ನಮ್ಮವರು. ಟಾರ್ಚ್ ಹಿಡಿದು ಹಿಂದಿನಿಂದ ಅತ್ತೆ, "ಓರೆ ಮಾಡಬೇಡಿ, ಓರೆ ಮಾಡಬೇಡಿ." ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಬೆಳಿಗ್ಗೆ ಬಾವಿ ನೋಡಿದಾಗ ನಗು ನಿಂತಿತು. ರಸ್ತೆಯ ಕೆಂಪು ನೀರೆಲ್ಲ ಬಾವಿಗೆ ಇಳಿದಿತ್ತು. ಪಾತ್ರೆಗಳಲ್ಲಿ ತುಂಬಿಸಿಟ್ಟ ನೀರನ್ನೇ ಅಕ್ಕಪಕ್ಕದವರೂ ಹಂಚಿಕೊಂಡು ಕುಡಿದೆವು. ಮಧುವಾಹಿನಿ ಹೊಳೆ ಉಕ್ಕಿದರೆ ಮಧೂರು ದೇವಸ್ಥಾನದ ಅಂಗಳಕ್ಕೇ ನೀರು ಬರುತ್ತದೆ, ಅದನ್ನು ನಾವು ತಡೆಯಲಿಕ್ಕಾಗದು. ನಮ್ಮ ಮೋರಿಯನ್ನಾದರೂ ಬಿಡಿಸಬಹುದಲ್ವಾ?

ಭಟ್ಟಮಾವ: ಬಿಡಿಸಲೇಬೇಕು. ನಾನು ಬರುತ್ತೇನೆ. ಸೀಟಿ ಕೇಳಿದರೆ ಈ ಸಲವೂ ಓಡಿ ಬರುತ್ತೇನೆ, ಮಗುವನ್ನು ಬೈಯಬೇಡಿ.

ಮೂಲೆಮನೆ: ಪಂಚಾಯತಿಗೆ ಹೇಳಿದರೆ ಸಾಲದಾ?

ಮಾಷ್ಟ್ರು: ಹೇಳಿಯೂ ಆಗಿದೆ, ಬರೆದೂ ಕೊಡೋಣ. ಕನ್ನಡದಲ್ಲೇ ಬರೆಯುತ್ತೇನೆ. ಸಂವಿಧಾನದ 350ನೇ ವಿಧಿಯಲ್ಲಿ ಆ ಹಕ್ಕು ಇದೆ. ಎಚ್ಚರಿಕೆಯ ಮೆಸೇಜ್ ಕನ್ನಡದಲ್ಲೂ ಬೇಕು ಅಂತ ಅದರಲ್ಲೇ ಕೇಳುತ್ತೇನೆ. ಮಲಯಾಳ ಓದಲು ಬಾರದ ಹಿರಿಯರು ಎಷ್ಟು ಮನೆಯಲ್ಲಿ ಒಬ್ಬರೇ ಇದ್ದಾರೆ! ಎಲ್ಲರೂ ಸಹಿ ಹಾಕಿ. ಈ ನಂಬರ್ ಫೋನಿನಲ್ಲಿ ಇರಲಿ: ಜಿಲ್ಲಾ ಕಂಟ್ರೋಲ್ ರೂಮ್ 1077, ಕರೆಂಟಿನ ತಂತಿ ಬಿದ್ದರೆ 1912. ತಂತಿಯ ಹತ್ರ ಹೋಗಬೇಡಿ.

ಸಿಸ್ಟರ್ (ಹಸಿರು ಗೇಟಿನ ಮನೆ): ತೋಡಿಗೆ ಬರಿಗಾಲಲ್ಲಿ ಯಾರೂ ಇಳಿಯಬೇಡಿ. ಇಲಿಜ್ವರ ಬರುವುದೇ ಇಂಥ ನೀರಿನಿಂದ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಸಣ್ಣ ಗಾಯಕ್ಕೆ ತಾಗಿದರೂ ಸಾಕು. ಗಮ್‌ಬೂಟು, ಗ್ಲೌಸು ಬೇಕೇ ಬೇಕು. ಗಾಯ ಇದ್ದವರು ದಡದಲ್ಲಿ ನಿಂತು ಬುಟ್ಟಿ ತೆಗೆದುಕೊಳ್ಳಿ. ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳಬೇಕಾ ಅಂತ ಶನಿವಾರವೇ ಆರೋಗ್ಯ ಕೇಂದ್ರದಲ್ಲಿ ಕೇಳಿ. ಆಮೇಲೆ ಜ್ವರ, ಮೈಕೈ ನೋವು ಬಂದರೆ ಅಂಗಡಿ ಮದ್ದು ನುಂಗಿ ಮಲಗಬೇಡಿ.

ತೋಟದಮನೆ ಅಕ್ಕ: ಥ್ಯಾಂಕ್ಸ್ ಸಿಸ್ಟರ್. ಹಾಗಾದರೆ ಭಾನುವಾರ ಬೆಳಿಗ್ಗೆ 6.30ಕ್ಕೆ ಮೋರಿ ಹತ್ರ ಸೇರೋಣ. ಹಾರೆ, ಪಿಕ್ಕಾಸು, ಬುಟ್ಟಿ ಇದ್ದವರು ತನ್ನಿ. ಪ್ಲಾಸ್ಟಿಕ್ ಬೇರೆ ಗೋಣಿಗೆ ಹಾಕಿ. ತೊಳೆದು ಒಣಗಿಸಿ, ಮನೆಮನೆಯಿಂದ ಪ್ಲಾಸ್ಟಿಕ್ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಡುತ್ತೇನೆ. ಅವಲಕ್ಕಿ, ಚಾ ನಮ್ಮ ಮನೆಯದ್ದು. ಬರುವವರು ಕೆಳಗೆ ಹೆಸರು ಹಾಕಿ.

ಕೆಳಗಿನಮನೆ ತಮ್ಮ: ನಾನು, ಅಪ್ಪ. ಪಿಕ್ಕಾಸು ಒಂದಿದೆ.

ಮೂಲೆಮನೆ: ನಾವಿಬ್ಬರೂ ಬರುತ್ತೇವೆ. ಗಮ್‌ಬೂಟು 8 ನಂಬರಿನದು ಯಾರ ಹತ್ರವಾದರೂ ಇದೆಯಾ?