ಅಪ್‌ಡೇಟ್: ಚಿಕಿತ್ಸೆಯ ಶುಲ್ಕದ ಪ್ರಶ್ನೆ ಬಗೆಹರಿಯಿತು

ಆತಂಕದ ತೊಂದರೆಗೆ ಮನೋಚಿಕಿತ್ಸೆ ಆರಂಭಿಸಬೇಕು, ವಿಮೆಯನ್ನು ನೆಚ್ಚಿಕೊಳ್ಳಲೇ, ಉಳಿತಾಯದ ಹಣವನ್ನು ಖರ್ಚು ಮಾಡಲೇ ಎಂದು ನಾಲ್ಕು ತಿಂಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ನಾನು ಋಣಿ.

ವಿಮೆಯ ದಾರಿ ಬೇಗನೆ ಮುಚ್ಚಿತು. ಷರತ್ತುಗಳನ್ನು ಓದಿದಾಗ, ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಸಿಗುತ್ತದೆ, ವಾರವಾರ ಹೋಗಿಬರುವ ಚಿಕಿತ್ಸೆಗೆ ಇಲ್ಲ ಎಂದು ತಿಳಿಯಿತು.

ಕಚೇರಿಯ ವತಿಯಿಂದ ಒಬ್ಬ ಚಿಕಿತ್ಸಕರೊಂದಿಗೆ ನಾಲ್ಕು ಭೇಟಿಗಳು ಉಚಿತವಾಗಿದ್ದವು; ಅವನ್ನು ಬಳಸಿಕೊಂಡೆ. ಆದರೆ ಮನಸ್ಸು ಬಿಚ್ಚಿ ಮಾತನಾಡಲು ಧೈರ್ಯ ಬರುವಷ್ಟರಲ್ಲಿ ಅವು ಮುಗಿದಿದ್ದವು. ಹೊಸಬರ ಮುಂದೆ ಎಲ್ಲವನ್ನೂ ಮೊದಲಿನಿಂದ ಹೇಳುವುದು ನಿಜಕ್ಕೂ ನೋವಿನ ಕೆಲಸ. ಉಚಿತ ಭೇಟಿಗಳು ಮುಗಿದ ಮೇಲೆ ಅದೇ ವ್ಯಕ್ತಿಯ ಬಳಿ ಮುಂದುವರಿಯಬಹುದೇ ಎಂದು ನಾನು ಮೊದಲೇ ಕೇಳಬೇಕಾಗಿತ್ತು.

ನಿಮ್ಮಲ್ಲಿ ಒಬ್ಬರು, ಶುಲ್ಕದ ಬಗ್ಗೆ ಚಿಕಿತ್ಸಕರನ್ನೇ ನೇರವಾಗಿ ಕೇಳಿ ಎಂದಿದ್ದಿರಿ. ಆ ಒಂದು ವಾಕ್ಯ ಬಾಯಿಗೆ ಬರಲು ನನಗೆ ಎರಡು ವಾರ ಬೇಕಾಯಿತು. ಹೊಸ ಚಿಕಿತ್ಸಕಿ ಸ್ವಲ್ಪವೂ ಬೇಸರಿಸಲಿಲ್ಲ. ಆದಾಯಕ್ಕೆ ತಕ್ಕಂತೆ ಶುಲ್ಕ ಇಳಿಸುವ ಕೆಲವು ಸಮಯಗಳನ್ನು ಅವರು ಮೀಸಲಿಟ್ಟಿದ್ದಾರೆ. ಸದ್ಯಕ್ಕೆ ಅವೆಲ್ಲ ಭರ್ತಿಯಾಗಿವೆ. ಅದರ ಬದಲು, ಮೊದಲ ಆರು ವಾರ ಪ್ರತಿ ವಾರ, ಆಮೇಲೆ ಹದಿನೈದು ದಿನಕ್ಕೊಮ್ಮೆ ಎಂದು ಇಬ್ಬರೂ ಸೇರಿ ನಿರ್ಧರಿಸಿದೆವು. ಹಿಂದಿನ ದಿನವೇ ತಿಳಿಸದೆ ಭೇಟಿ ತಪ್ಪಿಸಿದರೆ ಪೂರ್ತಿ ಶುಲ್ಕ ಕೊಡಬೇಕು ಎಂಬುದನ್ನೂ ಅಂದೇ ಕೇಳಿ ತಿಳಿದುಕೊಂಡೆ.

ಆರು ತಿಂಗಳ ಮೊತ್ತವನ್ನು ಉಳಿತಾಯದಿಂದ ತೆಗೆದು ಬೇರೆ ಖಾತೆಯಲ್ಲಿ ಇಟ್ಟಿದ್ದೇನೆ. ಈಗ ಚಿಕಿತ್ಸೆಗೆ ಕುಳಿತಾಗ ಗಡಿಯಾರ ನೋಡುತ್ತಾ ಹಣ ಎಣಿಸುವುದಿಲ್ಲ. ನಾಳೆ ಏಳನೆಯ ಭೇಟಿ.