ಎಂಜಿನಿಯರ್ ಮೇಡಂ ಅವರನ್ನು ಕೇಳಿ: ಮಳೆನೀರು, ಚರಂಡಿ, ಇಂಗುಗುಂಡಿ

ಅಡ್ಮಿನ್: ಚಿಕ್ಕಮಗಳೂರು ಮನೆ ಕಟ್ಟುವವರ ಗುಂಪಿಗೆ ನಮಸ್ಕಾರ. ಇವತ್ತು ಸಂಜೆ 7ರಿಂದ ಮೇಡಂ ಇರುತ್ತಾರೆ. ಪ್ರಶ್ನೆ ಚಿಕ್ಕದಾಗಿರಲಿ. ಫಾರ್ವರ್ಡ್ ಬೇಡ.

ಕಾಫಿಗಿಡ: ನಮಸ್ತೆ ಮೇಡಂ. 30×40 ಸೈಟು. ಇಂಗುಗುಂಡಿ ಎಷ್ಟಡಿ ಆಳ ಬೇಕು?

ಮೇಡಂ: ನಮಸ್ಕಾರ. ಆಳ ಆಮೇಲೆ, ಮೊದಲು ಮಣ್ಣು ನೋಡಿ. ಎರಡಡಿ ಗುಂಡಿ ತೋಡಿ ನೀರು ತುಂಬಿಸಿ. ಅದು ಇಳಿದ ಮೇಲೆ ಇನ್ನೊಮ್ಮೆ ತುಂಬಿಸಿ, ಎಷ್ಟು ಹೊತ್ತು ಹಿಡಿಯಿತು ಬರೆದಿಡಿ. ಒಣಮಣ್ಣು ಮೊದಲ ಸಲ ಗಟಗಟ ಕುಡಿಯುತ್ತದೆ, ಅದನ್ನು ನಂಬಬೇಡಿ. ಇನ್ನು ಲೆಕ್ಕ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದ್ರೆ 1 ಲೀಟರ್. ನಿಮ್ಮ ತಾರಸಿ 1,200 ಚದರಡಿ ಇದ್ದರೆ 50 ಮಿ.ಮೀ. ಮಳೆಗೆ ಸುಮಾರು 5,500 ಲೀಟರ್. ಮೂರಡಿ ಅಗಲದ ಸಿಮೆಂಟ್ ರಿಂಗು ಹತ್ತಡಿ ಇಳಿಸಿದರೂ ಒಳಗೆ ಹಿಡಿಸೋದು 2,000. ಮಿಕ್ಕಿದ್ದು ಎಲ್ಲಿಗೆ ಹೋಗಬೇಕು ಅಂತ ಗುಂಡಿ ತೆಗೆಯೋ ಮೊದಲೇ ದಾರಿ ಮಾಡಿ.

ಉಪ್ಪಳ್ಳಿ ಮನೆ: ಗುಂಡಿ ಎಷ್ಟಡಿ ಇರಬೇಕು ಮೇಡಂ?

ಮೇಡಂ: ಮೇಲೆ ಬರೆದಿದ್ದೇನೆ.

ಮಳೆಬಿಲ್ಲು: ಮೇಡಂ, ಅಂಗಳಕ್ಕೆ ಪೇವರ್ ಹಾಕಿಸಿದರೆ ನೀರು ಇಂಗುತ್ತದಾ? ಕೆಳಗೆ ಕಾಂಕ್ರೀಟ್ ಹಾಕ್ತೀವಿ ಅಂತಾರೆ.

ಗುಡ್ಡದ ಮನೆ: ಮೇಡಂ, ಸ್ವಲ್ಪ ಭಯ ಆಗಿದೆ. ಮನೆ ಹಿಂದೆ ಎಂಟಡಿ ಎತ್ತರದ ಧರೆ (ಕಡಿದಾದ ಮಣ್ಣಿನ ದಿಬ್ಬ), ಅದಕ್ಕೆ ಸೈಜುಗಲ್ಲಿನ ತಡೆಗೋಡೆ. ಹೋದ ವರ್ಷ ಧರೆ ಮೇಲೆ, ಗೋಡೆಯಿಂದ ಐದಡಿ ಬಿಟ್ಟು ಇಂಗುಗುಂಡಿ ತೆಗೆಸಿದೆ. ತಾರಸಿ ನೀರೆಲ್ಲ ಪೈಪಿನಲ್ಲಿ ಅದಕ್ಕೇ ಹೋಗುತ್ತದೆ. ಈಗ ಮೇಲೆ ಬೆರಳು ತೂರುವಷ್ಟು ಬಿರುಕು. ಗೋಡೆ ನಡುವೆ ಹೊಟ್ಟೆ ಬಂದ ಹಾಗಿದೆ. ಗೋಡೆಯ ತೂತುಗಳಲ್ಲಿ ಕೆಂಪು ನೀರು ಬರ್ತಿತ್ತು. ಗಲೀಜು ಅಂತ ಮೇಸ್ತ್ರಿ ಸಿಮೆಂಟ್ ಮೆತ್ತಿ ಮುಚ್ಚಿದ.

ಮೇಡಂ: ಗೋಡೆ ಪಕ್ಕದ ರೂಮಿನಲ್ಲಿ ಯಾರು ಮಲಗ್ತಾರೆ?

ಗುಡ್ಡದ ಮನೆ: ಅಮ್ಮ.

ಮೇಡಂ: ಇವತ್ತು ರಾತ್ರಿಯಿಂದಲೇ ಅಲ್ಲಿ ಬೇಡ. ಬೇರೆ ಪ್ರಶ್ನೆಗಳು ಕಾಯಲಿ, ಇದನ್ನು ಎಲ್ಲರೂ ಓದಿ. ಮಣ್ಣಿಗೆ ನೀರು ತುಂಬಿದರೆ ಭಾರ ಹೆಚ್ಚುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಜೊತೆಗೆ ನೀರೇ ಗೋಡೆಯನ್ನು ಹಿಂದಿನಿಂದ ದೂಡುತ್ತದೆ. ಆ ನೀರು ಹೊರಗೆ ಬರಲಿ ಅಂತಲೇ ತೂತು ಬಿಡೋದು. ಕೆಂಪು ನೀರು ಅಂದ್ರೆ ಗೋಡೆ ಹಿಂದಿನ ಮಣ್ಣೇ ಕರಗಿ ಬರ್ತಿದೆ, ಅಲ್ಲಿ ಜಲ್ಲಿ ತುಂಬಿಲ್ಲ ಅಂತ ಅರ್ಥ. ಮೇಸ್ತ್ರಿ ಗಾಯಕ್ಕೆ ಮದ್ದು ಹಾಕಲಿಲ್ಲ, ಬಾಯಿ ಮುಚ್ಚಿದ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಧರೆ ಜಾರಿದ್ದು ಮರೆತಿಲ್ಲ ಅಲ್ವಾ? ನೀರು ಇಂಗಿಸೋದು ಒಳ್ಳೆಯದೇ. ಆದರೆ ಧರೆಯ ತಲೆ ಮೇಲೆ ಅಲ್ಲ.

ಈಗಲೇ ತಾರಸಿ ಪೈಪನ್ನು ಗುಂಡಿಯಿಂದ ಬಿಡಿಸಿ ರಸ್ತೆ ಚರಂಡಿಗೆ ಕೊಡಿ. ಅದನ್ನು ಮನೆ ಕಡೆಯಿಂದಲೇ ಮಾಡಿ, ಧರೆ ಹತ್ತಬೇಡಿ. ಬೆಳಿಗ್ಗೆ ಮಳೆ ಇಲ್ಲದಾಗ ಬಿರುಕಿನೊಳಗೆ ನೀರು ಇಳಿಯದ ಹಾಗೆ ಟಾರ್ಪಾಲ್ ಹೊದಿಸಿ. ಮುಚ್ಚಿದ ತೂತು ಬಿಡಿಸೋಕೆ ಅಂತ ಉಳಿ ಹಿಡಿದು ಗೋಡೆ ಕೆಳಗೆ ನಿಲ್ಲಬೇಡಿ, ಯಾರನ್ನೂ ನಿಲ್ಲಿಸಬೇಡಿ. ನಾನು ನಾಳೆ ಎಂಟಕ್ಕೆ ಬರ್ತೇನೆ. ಅಷ್ಟರೊಳಗೆ ಕಲ್ಲು ಕದಲಿದ ಸದ್ದು ಕೇಳಿದರೆ ಎಲ್ಲರೂ ಹೊರಗೆ ಬಂದು 112ಕ್ಕೆ ಫೋನ್ ಮಾಡಿ.

ಹಳೇ ಸೈಕಲ್: ಫಾರ್ವರ್ಡ್ ಬಂದಿತ್ತು. ಇಂಗುಗುಂಡಿಗೆ 5 ಕೆ.ಜಿ. ಕಲ್ಲುಪ್ಪು, ಇದ್ದಿಲು ಹಾಕಿದರೆ ಜನ್ಮದಲ್ಲಿ ಕಟ್ಟಿಕೊಳ್ಳಲ್ಲವಂತೆ.

ಮೇಡಂ: ಉಪ್ಪು ಹಾಕಿದರೆ ಜೇಡಿ ಇನ್ನೂ ನುಣ್ಣಗೆ ಕದಡಿ ಸಂದುಗಳನ್ನು ಮುಚ್ಚುತ್ತದೆ. ಮಿಕ್ಕಿದ್ದು ಪಕ್ಕದ ಬಾವಿಗೆ. ಗುಂಡಿ ಕಟ್ಟೋದು ಹೂಳಿನಿಂದ. ಗುಂಡಿಗೆ ಮೊದಲು ಒಂದು ಹೂಳುತೊಟ್ಟಿ ಕಟ್ಟಿ, ಮಳೆಗಾಲಕ್ಕೆ ಮುಂಚೆ ಅದರ ಹೂಳು ತೆಗೆಯಿರಿ. ಫಾರ್ವರ್ಡ್ ಕಳಿಸಿದವರ ಮನೆ ಬಾವಿಗೇ ಮೊದಲು ಉಪ್ಪು ಹಾಕಿ ನೋಡಲಿ.

ಉಪ್ಪಳ್ಳಿ ಮನೆ: ನಮ್ಮ ತಾರಸಿ ನೀರು ಒಳಚರಂಡಿ ಛೇಂಬರ್‌ಗೆ ಹೋಗುತ್ತದೆ. ಜೋರು ಮಳೆಗೆ ಬಾತ್‌ರೂಮಲ್ಲಿ ಉಕ್ಕುತ್ತದೆ. ಯಾವ ಪೌಡರ್ ಹಾಕಬೇಕು?

ಮೇಡಂ: ಯಾವುದೂ ಬೇಡ. ನೀವು ಕಳಿಸಿದ್ದೇ ನಿಮಗೆ ವಾಪಸ್ ಬರ್ತಿದೆ. ಒಳಚರಂಡಿ ಮಳೆನೀರಿಗಲ್ಲ. ಪೈಪ್ ಬಿಡಿಸಿ.

ದಂಟರಮಕ್ಕಿ ಹುಡುಗ: ಎಲ್ಲರೂ ಚರಂಡಿಗೆ ಬಿಟ್ಟರೆ ಚರಂಡಿ ಎಲ್ಲಿದೆ? ಕಾರು ಹತ್ತಿಸೋಕೆ ಸ್ಲ್ಯಾಬ್ ಹಾಕಿ ಮುಚ್ಚಿಕೊಂಡವರು ಈ ಗುಂಪಿನಲ್ಲೇ ಇದ್ದಾರೆ.

ಹಳೇ ಸೈಕಲ್: ನನಗೇ ಹೇಳ್ತಿದ್ದೀರಾ? ನಿಮ್ಮ ಬಡಾವಣೆ ಎದ್ದಿರೋದೇ ಕೆರೆ ಕೆಳಗಿನ ಗದ್ದೆಯಲ್ಲಿ. ನೀರು ಬರದೆ ಇನ್ನೇನು ಬರುತ್ತದೆ?

ದಂಟರಮಕ್ಕಿ ಹುಡುಗ: ನಮಗೆ ಖಾತೆ ಇದೆ ಸ್ವಾಮಿ.

ಹಳೇ ಸೈಕಲ್: ಖಾತೆ ನೀರಿಗೆ ತೋರಿಸಿ. ನಾವು ಹುಡುಗರಾಗಿದ್ದಾಗ ಅಲ್ಲಿ ಭತ್ತ ಕೊಯ್ಯುತ್ತಿದ್ದರು.

ದಂಟರಮಕ್ಕಿ ಹುಡುಗ: ನಿಮ್ಮ ಸ್ಲ್ಯಾಬ್ ಫೋಟೋ ಹಾಕ್ಲಾ?

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಕಾಫಿಗಿಡ: ಮೇಡಂ, ಹಾಗಾದ್ರೆ ಹತ್ತಡಿ ಫೈನಲ್ಲಾ?

ಮೇಡಂ: ಮಣ್ಣು ನೋಡಿದ್ರಾ?

ಕಾಫಿಗಿಡ: ಇಲ್ಲ.

ಮೇಡಂ: ನೋಡಿ ಬನ್ನಿ.

ಮಳೆಬಿಲ್ಲು: ನನ್ನ ಪೇವರ್ ಪ್ರಶ್ನೆ ಮೇಡಂ?

ಮೇಡಂ: ಗುಡ್ಡದ ಮನೆಯವರೇ, ಅಮ್ಮ ರೂಮು ಬದಲಾಯಿಸಿದ್ರಾ?

ಗುಡ್ಡದ ಮನೆ: ಪೈಪ್ ಬಿಡಿಸಿದೆ. ಅಮ್ಮ ಒಪ್ತಿಲ್ಲ. ಮೂವತ್ತು ವರ್ಷದಿಂದ ಅಲ್ಲೇ ಮಲಗಿದ್ದೇನೆ ಅಂತಾರೆ.

ಮೇಡಂ: ನಂಬರ್ ಖಾಸಗಿಯಾಗಿ ಕಳಿಸಿ, ಫೋನ್ ಅವರ ಕೈಗೆ ಕೊಡಿ. ನಾನೇ ಮಾತಾಡ್ತೇನೆ.