ಐವತ್ತು ಸಾವಿರದೊಳಗಿನ ಡಿಜಿಟಲ್ ಪಿಯಾನೋ: ಕೀಗಳ ತೂಕವನ್ನೂ ನಾದವನ್ನೂ ಅಂಗಡಿಯಲ್ಲಿ ಪರೀಕ್ಷಿಸುವುದು ಹೇಗೆ? ಅನುಭವ ಹಂಚಿಕೊಳ್ಳಿ

ಶಿವಮೊಗ್ಗದ ಅಮ್ಮ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷದ ನನ್ನ ಮಗಳು 61 ಕೀಗಳ ಹಗುರ ಕೀಬೋರ್ಡಿನಲ್ಲಿ ಅಭ್ಯಾಸ ಮಾಡಿ ಪಿಯಾನೋ ಪರೀಕ್ಷೆಯ ಎರಡನೆಯ ಗ್ರೇಡ್ ಮುಗಿಸಿದ್ದಾಳೆ. ಇನ್ನು ಮುಂದೆ ತೂಕದ ಕೀಗಳಿರುವ (ನಿಜವಾದ ಪಿಯಾನೋದಂತೆ ಒತ್ತಲು ಭಾರವೆನಿಸುವ) 88 ಕೀಗಳ ವಾದ್ಯವೇ ಬೇಕೆಂದು ಅವಳ ಗುರುಗಳು ಹೇಳಿದ್ದಾರೆ. ಬರುವ ಶನಿವಾರ ಬೆಂಗಳೂರಿಗೆ ಹೋಗಿ ಯಮಾಹಾ ಪಿ-145 ಮತ್ತು ರೋಲ್ಯಾಂಡ್ ಎಫ್‌ಪಿ-10 ಎರಡನ್ನೂ ನೋಡಬೇಕೆಂದಿದ್ದೇವೆ. ನನಗೆ ನುಡಿಸಲು ಬರುವುದಿಲ್ಲ. ಅಂಗಡಿಯಲ್ಲಿ ಸಿಗುವ ಅರ್ಧ ಗಂಟೆಯಲ್ಲಿ ಏನನ್ನು ಗಮನಿಸಬೇಕು?

ಕರಾವಳಿಯವ:
2021ರಲ್ಲಿ ನಾನು ಮಂಗಳೂರಿಗೆ ತರಿಸಿಕೊಂಡ ವಾದ್ಯದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಕಪಾಟಿನ ಹಲಗೆಯಷ್ಟೇ ಅಗಲವಾಗಿ, ತೆಳ್ಳಗೆ, ನೋಡಲು ಬಹಳ ಚೆಂದವಾಗಿತ್ತು. ಆ ತೆಳುವೇ ನನಗೆ ಮುಳುವಾಯಿತು. ವಾದ್ಯದ ಒಡಲು ಕಿರಿದಾದಂತೆ ಒಳಗಿನ ಕೀಗಳ ಉದ್ದವೂ ಕಡಿಮೆಯಾಗುತ್ತದೆ, ಕೀ ಆನಿಕೊಂಡು ತೂಗುವ ಜಾಗ ಮುಂದಕ್ಕೆ ಬರುತ್ತದೆ, ಆಗ ಬೆರಳು ಕಪ್ಪು ಕೀಗಳ ನಡುವೆ ಒಳಕ್ಕೆ ಹೋದಷ್ಟೂ ಒತ್ತುವುದು ಕಷ್ಟವಾಗುತ್ತದೆ. ಅಂಗಡಿಯಲ್ಲಿ ನಾನು ಎಲ್ಲರಂತೆ ಬಿಳಿ ಕೀಗಳ ತುದಿಯನ್ನಷ್ಟೇ ಒತ್ತಿ ತಲೆಯಾಡಿಸಿದ್ದೆ. ಮನೆಗೆ ಬಂದು ಮೂರು ಸ್ವರಗಳನ್ನು ಒಟ್ಟಿಗೆ ನುಡಿಸುವ ಇ-ಫ್ಲ್ಯಾಟ್ ಮೇಜರ್ ಕಾರ್ಡ್ ಹಿಡಿದರೆ ಎರಡು ಕಪ್ಪು ಕೀಗಳ ನಡುವೆ ಸಿಕ್ಕಿಕೊಂಡ ಜಿ ಸ್ವರ ಮಾತ್ರ ಪ್ರತಿ ಸಲವೂ ಕುಗ್ಗಿ ಕೇಳಿಸುತ್ತಿತ್ತು. ತಪ್ಪು ನನ್ನ ಬೆರಳಿನದೆಂದುಕೊಂಡು ಎರಡು ತಿಂಗಳು ಸಾಧನೆ ಮಾಡಿದೆ.

ಖರ್ಚಿನ ಲೆಕ್ಕವನ್ನೂ ಬರೆದುಬಿಡುತ್ತೇನೆ, ಏಕೆಂದರೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ವಾದ್ಯಕ್ಕೆ 46,500, ಸ್ಟ್ಯಾಂಡಿಗೆ 2,600, ಅದರ ಜೊತೆ ಬಂದ ಚಪ್ಪಟೆ ಪೆಡಲ್ ನೆಲದ ಮೇಲೆ ಜಾರಿಹೋಗುತ್ತಿದ್ದುದರಿಂದ ಬೇರೆ ಪೆಡಲಿಗೆ 2,900, ಲಾರಿ ಬಾಡಿಗೆ 1,400: ಒಟ್ಟು 53,400 ರೂಪಾಯಿ. ಎರಡನೆಯ ಮಳೆಗಾಲದಲ್ಲಿ ನಡುವಿನ ಮೂರು ಕೀಗಳು ಎಷ್ಟೇ ಮೆಲ್ಲಗೆ ಮುಟ್ಟಿದರೂ ಸಿಡಿದು ಕೂಗತೊಡಗಿದವು. ಕೀಗಳ ಕೆಳಗೆ ರಬ್ಬರಿನ ಪಟ್ಟಿಯೊಂದಿರುತ್ತದೆ. ಅದರ ಕರಿ ಗುಂಡಿಗಳು ಒಂದಾದ ಮೇಲೊಂದು ತಗಲುವ ನಡುವಿನ ಅವಧಿಯನ್ನು ಅಳೆದೇ ಯಂತ್ರವು ಸ್ವರದ ಜೋರನ್ನು ನಿರ್ಧರಿಸುತ್ತದೆ. ಅಲ್ಲಿ ತೇವವೋ ಧೂಳೋ ಸೇರಿದರೆ ಲೆಕ್ಕ ತಪ್ಪುತ್ತದೆ. ತಂತ್ರಜ್ಞರು ಮೂರು ಸಲ ಬಂದರು, ಸಲಕ್ಕೆ 850. ಪಟ್ಟಿಯನ್ನು ಎರಡು ಸಲ ಬದಲಿಸಿದರು, ಒಂದಕ್ಕೆ 1,700. ಅಲ್ಲಿಗೆ ಇನ್ನೂ 5,950 ಹೋಯಿತು. ನಡುವೆ ನಲವತ್ತೊಂದು ದಿನ ವಾದ್ಯ ಹೊಟ್ಟೆ ತೆರೆದುಕೊಂಡು ಚಾಪೆಯ ಮೇಲೆ ಮಲಗಿತ್ತು. ಆದ್ದರಿಂದ ತಾಯಿ, ಒಳಭಾಗದಲ್ಲಿ ಒತ್ತಿ ನೋಡಿ, ಬಿಡಿಭಾಗ ಎಲ್ಲಿ ಸಿಗುತ್ತದೆಂದು ಕೇಳಿ.

ನಿವೃತ್ತ ಗಣಿತ ಮೇಷ್ಟ್ರು, ಧಾರವಾಡ:
ನಾನು ಅರವತ್ತೊಂದನೆಯ ವಯಸ್ಸಿನಲ್ಲಿ ಪಿಯಾನೋ ಕಲಿಯಲು ಕುಳಿತವನು, ಅಳತೆಯಿಲ್ಲದೆ ಯಾವುದನ್ನೂ ಕೊಳ್ಳುವವನಲ್ಲ. ಜೇಬಿನಲ್ಲಿ ಹತ್ತು ರೂಪಾಯಿಯ ಎಂಟು ನಾಣ್ಯಗಳನ್ನು ಇಟ್ಟುಕೊಂಡು ಅಂಗಡಿಗೆ ಹೋದೆ. ನಾಣ್ಯವೊಂದರ ತೂಕ ಸುಮಾರು 7.7 ಗ್ರಾಂ. ಬಿಳಿ ಕೀಯ ತುದಿಯಲ್ಲಿ ಒಂದರ ಮೇಲೊಂದು ಇಡುತ್ತ ಹೋಗಿ, ಕೀ ತಾನಾಗಿ ಮೆಲ್ಲಗೆ ಇಳಿಯುವುದು ಎಷ್ಟನೆಯ ನಾಣ್ಯಕ್ಕೆ ಎಂದು ನೋಡಬೇಕು. ತಂತಿಗಳಿರುವ ಗ್ರ್ಯಾಂಡ್ ಪಿಯಾನೋದ ನಡುವಿನ ಕೀಗಳಿಗೆ ಸುಮಾರು 50 ಗ್ರಾಂ ಬೇಕಾಗುತ್ತದೆ, ಎಂದರೆ ಆರು ಅಥವಾ ಏಳು ನಾಣ್ಯ. ಎಡಗಡೆಯ ಮಂದ್ರ ಕೀಗಳಿಗೆ ಹೆಚ್ಚು, ಬಲಗಡೆಯ ತಾರ ಕೀಗಳಿಗೆ ಕಡಿಮೆ ಬೇಕಾದರೆ ಅದು ಸರಿಯಾದ ಕ್ರಮ. ಬಳಿಕ ಒಂದೊಂದೇ ನಾಣ್ಯ ತೆಗೆಯುತ್ತ, ಕೀ ಯಾವಾಗ ಎದ್ದು ಬರುತ್ತದೆಂದೂ ನೋಡಬೇಕು. ಏಳಲು ಸೋಮಾರಿತನ ಮಾಡುವ ಕೀಯಲ್ಲಿ ವೇಗದ ಪಾಠಗಳು ನಡೆಯುವುದಿಲ್ಲ. ಮಾರಾಟದ ಹುಡುಗ ನನ್ನನ್ನು ನಾಣ್ಯ ಸಂಗ್ರಾಹಕನೆಂದು ಭಾವಿಸಿದ, ಇರಲಿ.

ನಾನು ಎಫ್‌ಪಿ-10 ಕೊಂಡೆ. ನಾಲ್ಕು ವರ್ಷಗಳಲ್ಲಿ ಒಂದು ದಿನವೂ ಮರುಗಿಲ್ಲ. ಕೀಯನ್ನು ಬಹಳ ನಿಧಾನವಾಗಿ ಒತ್ತಿದರೆ ತಳ ಮುಟ್ಟುವ ಮೊದಲು ಸಣ್ಣ ಗಂಟಿನಂಥ ತಡೆ ಬೆರಳಿಗೆ ಸಿಗುತ್ತದೆ. ನಿಜವಾದ ಗ್ರ್ಯಾಂಡ್‌ನಲ್ಲಿ ಸುತ್ತಿಗೆಯು ಕೀಯ ಹಿಡಿತದಿಂದ ಕಳಚಿಕೊಳ್ಳುವ ಕ್ಷಣದ ಅನುಕರಣೆ ಅದು. ಕೀಗೆ ಮೂರು ಸಂವೇದಕಗಳಿರುವುದರಿಂದ ಪೂರ್ತಿ ಮೇಲೆತ್ತದೆಯೇ ಅದೇ ಸ್ವರವನ್ನು ಮತ್ತೆ ನುಡಿಸಬಹುದು. ಬೆಲೆಗೆ ಇಷ್ಟು ಕೊಡುವ ವಾದ್ಯ ಇನ್ನೊಂದಿಲ್ಲ.

ಮೂರನೆಯ ಮಹಡಿ:
ಮೇಷ್ಟ್ರೇ, ಗಣಿತ ತಮ್ಮದಿರಬಹುದು, ಭೌತಶಾಸ್ತ್ರ ಸ್ವಲ್ಪ ತಪ್ಪಿದೆ. ನಾಣ್ಯಗಳು ಅಳೆಯುವುದು ನಿಂತ ಕೀಯ ತೂಕವನ್ನು. ನುಡಿಸುವಾಗ ಬೆರಳಿಗೆ ತಾಗುವುದು ಒಳಗಿನ ಸುತ್ತಿಗೆಯನ್ನು ವೇಗವಾಗಿ ಚಿಮ್ಮಿಸಬೇಕಾದಾಗ ಅದು ಒಡ್ಡುವ ಜಡತ್ವ. ನಾಣ್ಯದಲ್ಲಿ ಒಂದೇ ಲೆಕ್ಕಕ್ಕೆ ಬಂದ ಎರಡು ವಾದ್ಯಗಳಲ್ಲಿ ಒಂದರ ಮೇಲೆ ನನ್ನ ಮಗ ಇಪ್ಪತ್ತು ನಿಮಿಷಕ್ಕೇ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದ, ಇನ್ನೊಂದರ ಮೇಲೆ ಒಂದು ಗಂಟೆ ಕೂರುತ್ತಿದ್ದ. ಒಂದೇ ಕೀಯನ್ನು ನಾಲ್ಕು, ಮೂರು, ಎರಡು, ಒಂದು ಎಂದು (ಹೆಬ್ಬೆರಳೇ ಒಂದು) ಬೆರಳು ಬದಲಿಸುತ್ತ ಬಡಿದರೆ ಯಾವ ನಾಣ್ಯವೂ ಹೇಳದ್ದು ತಿಳಿಯುತ್ತದೆ.

ನಮ್ಮ ಮನೆಯ ಸಮಸ್ಯೆಯೇ ಬೇರೆ. ಹೆಡ್‌ಫೋನ್ ಹಾಕಿಕೊಂಡರೆ ಯಾರಿಗೂ ತೊಂದರೆಯಿಲ್ಲವೆಂದು ನಂಬಿ ಕೊಂಡೆವು. ಎರಡನೆಯ ಮಹಡಿಯವರು ಮೂರನೆಯ ವಾರದಲ್ಲಿ ಬಂದು, ರಾತ್ರಿ ಅವಲಕ್ಕಿ ಕುಟ್ಟುತ್ತೀರಾ ಎಂದು ಕೇಳಿದರು. ತೂಕದ ಕೀ ತಳಕ್ಕೆ ಬಡಿಯುವ ಪೆಟ್ಟು ಎಕ್ಸ್ ಆಕಾರದ ಸ್ಟ್ಯಾಂಡಿನ ಕಾಲುಗಳ ಮೂಲಕ ನೇರವಾಗಿ ನೆಲಕ್ಕೆ ಇಳಿಯುತ್ತದೆ. ಸ್ಟ್ಯಾಂಡಿಗೆ 1,900, ಅದರಡಿಗೆ ಹಾಕಿದ ರಬ್ಬರ್ ಚಾಪೆಗೆ 1,150, ಎರಡೂ ದಂಡ. ಕೊನೆಗೆ ಬಡಗಿಯೊಬ್ಬರಿಂದ ಪ್ಲೈವುಡ್ಡಿನ ಮೇಜು ಮಾಡಿಸಿದೆ, ಮಜೂರಿ ಸೇರಿ 4,300. ಮೊದಲು ನಾಲ್ಕಡಿ ಹಲಗೆ ಕತ್ತರಿಸಿಬಿಟ್ಟರು. ಇಂಥ ವಾದ್ಯಗಳು ನಾಲ್ಕಡಿಗಿಂತ ಉದ್ದವಿರುತ್ತವೆ, ಆ ಹಲಗೆ ಈಗ ಗ್ಯಾಸ್ ಕಟ್ಟೆಯ ಕೆಳಗಿದೆ. ಅಂಗಡಿಯಲ್ಲಿ ಧ್ವನಿಯನ್ನು ಒಂದು ನಿಮಿಷ ಪೂರ್ತಿ ಮುಚ್ಚಿ, ಬರಿಯ ಕೀಗಳ ಟಕಟಕ ಎಷ್ಟೆಂದು ಕೇಳಿಸಿಕೊಳ್ಳಿ. ಇದು ನನ್ನ ಒಂದೇ ಸಲಹೆ.

ನಿವೃತ್ತ ಗಣಿತ ಮೇಷ್ಟ್ರು, ಧಾರವಾಡ:
ಜಡತ್ವವೆಂದರೇನೆಂದು ಮೂವತ್ತಮೂರು ವರ್ಷ ಕಲಿಸಿದವನಿಗೆ ಪಾಠ ಹೇಳಬೇಕಾಗಿಲ್ಲ. ಪ್ರಶ್ನೆ ಕೇಳಿದವರು ತಮಗೆ ನುಡಿಸಲು ಬಾರದೆಂದು ಸ್ಪಷ್ಟವಾಗಿ ಬರೆದಿದ್ದಾರೆ. ಬೆರಳು ಬದಲಿಸಿ ಬಡಿಯಿರಿ ಎನ್ನುವುದು ಅವರಿಗೆ ಯಾವ ಉಪಯೋಗಕ್ಕೆ ಬರುತ್ತದೆ? ನಾಣ್ಯ ಇಡಲು ಯಾರಿಗಾದರೂ ಬರುತ್ತದೆ.

ಹುಬ್ಬಳ್ಳಿ ಹಾರ್ಮೋನಿಯಂ:
ಈ ಭಾರದ ಕೀಗಳ ವ್ಯಾಮೋಹವೇ ನನಗೆ ಅರ್ಥವಾಗಿಲ್ಲ. ಹದಿನೆಂಟು ವರ್ಷ ಹಾರ್ಮೋನಿಯಂ ನುಡಿಸಿದ ಕೈ ನನ್ನದು. ಯಾರದೋ ಮಾತು ಕೇಳಿ 44,000ಕ್ಕೆ ಕೊಂಡ ಪಿಯಾನೋದ ಮೇಲೆ ಒಂದು ವಚನವನ್ನೂ ಸಲೀಸಾಗಿ ನುಡಿಸಲಾಗಲಿಲ್ಲ. ಎಂಟು ತಿಂಗಳ ಬಳಿಕ 29,000ಕ್ಕೆ ಮಾರಿದೆ. ಹದಿನೈದು ಸಾವಿರ ಕೊಟ್ಟು ಕಲಿತದ್ದಿಷ್ಟೇ: ಹಗುರ ಕೀ ಇದ್ದರೆ ಸಂಗೀತ ಬಾರದೆಂಬುದು ಸುಳ್ಳು.

ಮೈಸೂರಿನ ಪಿಯಾನೋ ಟೀಚರ್:
ತಮ್ಮ ಕೈಗೆ ಒಗ್ಗಲಿಲ್ಲವೆಂದು ಮಗುವಿನ ಪರೀಕ್ಷೆಯನ್ನು ಹಾಳುಮಾಡಬೇಡಿ. ಹಾರ್ಮೋನಿಯಂನಲ್ಲಿ ಜೋರು ಬರುವುದು ತಿದಿಯಿಂದ, ಪಿಯಾನೋದಲ್ಲಿ ಕೀ ಇಳಿಯುವ ವೇಗದಿಂದ. ಹಗುರ ಕೀಯ ಮೇಲೆ ಬೆಳೆದ ಮಕ್ಕಳು ನನ್ನ ತಂತಿಗಳಿರುವ ಅಪ್‌ರೈಟ್ ಪಿಯಾನೋದ ಮುಂದೆ ಕುಳಿತಾಗ ಮೆಲುದನಿಯ ಭಾಗದಲ್ಲಿ ಅರ್ಧ ಸ್ವರಗಳು ಹೊರಡುವುದೇ ಇಲ್ಲ. ಆ ಪಿಯಾನೋವನ್ನು ನಾನು ಸೆಕೆಂಡ್ ಹ್ಯಾಂಡ್ 1,35,000ಕ್ಕೆ ಕೊಂಡಿದ್ದೇನೆ, ವರ್ಷಕ್ಕೆರಡು ಸಲ ಶ್ರುತಿ ಮಾಡಿಸಲು ಏಳು ಸಾವಿರ ಸುರಿಯುತ್ತೇನೆ, ಒಂದು ಸಲ ಇಲಿ ಒಳಗಿನ ಉಣ್ಣೆಯ ಮೆತ್ತೆ (ಫೆಲ್ಟ್) ಕಡಿದು 11,400 ರೂಪಾಯಿಯ ರಿಪೇರಿ ತಂದಿಟ್ಟಿತು. ಆದರೂ ಅದನ್ನು ಬಿಟ್ಟುಕೊಡುವುದಿಲ್ಲ.

ನಾದದ ಬಗ್ಗೆ ಯಾರೂ ಬರೆಯಲೇ ಇಲ್ಲವಲ್ಲ. ಮಂದ್ರದ ಒಂದು ಸಿ ಕೀಯನ್ನು ಒತ್ತಿ ಹಿಡಿದು, ಸ್ವರ ಸಾಯುವವರೆಗೂ ಕೇಳಬೇಕು. ಒಳ್ಳೆಯ ವಾದ್ಯದಲ್ಲಿ ಅದು ಬಣ್ಣ ಬದಲಿಸುತ್ತ ಆರುತ್ತದೆ. ಕಳಪೆಯದರಲ್ಲಿ ಎರಡು ಮೂರು ಸೆಕೆಂಡಿನ ಬಳಿಕ ಧ್ವನಿಮುದ್ರಣದ ಒಂದೇ ತುಣುಕು ಸುತ್ತಿ ಸುತ್ತಿ ಬರುವುದು ಗೊತ್ತಾಗುತ್ತದೆ. ಸಿ, ಇ, ಜಿ ಕೀಗಳನ್ನು ಸದ್ದಾಗದಂತೆ ಒತ್ತಿ ಹಿಡಿದು, ಒಂದು ಸ್ಥಾಯಿ ಕೆಳಗಿನ ಸಿ ಕೀಯನ್ನು ಚುಟುಕಾಗಿ ಬಡಿದು ಬಿಟ್ಟರೆ, ಮೇಲಿನ ತಂತಿಗಳ ಅನುರಣನ ಮಂಜಿನಂತೆ ಉಳಿಯುತ್ತದೆಯೇ ಎಂದು ಕೇಳಬೇಕು. ಇವೆಲ್ಲವನ್ನೂ ಹೆಡ್‌ಫೋನಿನಲ್ಲಿ ಕೇಳಿ, ಅಂಗಡಿಯ ಗದ್ದಲದಲ್ಲಿ ಸ್ಪೀಕರ್ ನಂಬಬೇಡಿ. ಪಿ-145ರಲ್ಲಿ ಏಕಕಾಲಕ್ಕೆ 64 ಸ್ವರಗಳು, ಎಫ್‌ಪಿ-10ರಲ್ಲಿ 96 ಎಂಬ ಸಂಖ್ಯೆಗೆ ಎರಡನೆಯ ಗ್ರೇಡಿನವರು ನಿದ್ದೆಗೆಡಬೇಕಾಗಿಲ್ಲ.

ಹುಬ್ಬಳ್ಳಿ ಹಾರ್ಮೋನಿಯಂ:
ಹಾರ್ಮೋನಿಯಂ ಎಂದೊಡನೆ ಮೂಗು ಮುರಿಯುವುದು ನಿಮ್ಮವರ ಹಳೆಯ ಚಾಳಿ. ಆಕಾಶವಾಣಿಯೂ 1940ರಲ್ಲಿ ಅದನ್ನು ಹೊರಗಟ್ಟಿತ್ತು, 1971ರಲ್ಲಿ ಒಳಗೆ ಕರೆದುಕೊಳ್ಳಬೇಕಾಯಿತು.

ಮೈಸೂರಿನ ಪಿಯಾನೋ ಟೀಚರ್:
ನಾನು ಮೂಗು ಮುರಿಯಲಿಲ್ಲ, ತಿದಿ ಬೇರೆ, ಸುತ್ತಿಗೆ ಬೇರೆ ಎಂದೆ. ಮೇಲಾಗಿ ಆಕಾಶವಾಣಿಯ ತಕರಾರು ಗಮಕ ಮತ್ತು ಶ್ರುತಿಯದಾಗಿತ್ತು, ಕೀಯ ತೂಕದ್ದಲ್ಲ. ತಾವು ಓದದೆಯೇ ಉತ್ತರಿಸುತ್ತಿದ್ದೀರಿ.

ಕರಾವಳಿಯವ:
ಇಲಿ ಕಡಿದ ಫೆಲ್ಟಿಗೆ 11,400 ಎಂದಿರಿ, ಡಿಜಿಟಲ್ ವಾದ್ಯದವನಿಗೆ ರಿಪೇರಿ ಹೆಚ್ಚುಕಡಿಮೆ ಅದರ ಅರ್ಧದಲ್ಲಿ ಮುಗಿದಿದೆ ಎಂದು ಇಂದು ಸಮಾಧಾನವಾಯಿತು.

ಶಿವಮೊಗ್ಗದ ಅಮ್ಮ:
ಶನಿವಾರ ಹೋಗಿ ಬಂದೆವು. ಎಫ್‌ಪಿ-10 ಪ್ರದರ್ಶನಕ್ಕೆ ಇರಲಿಲ್ಲ, ಪೆಟ್ಟಿಗೆ ಒಡೆದು ತೋರಿಸಲು ಒಪ್ಪಲಿಲ್ಲ. ಪಿ-145ರ ಮೇಲೆ ನಾಣ್ಯ ಇಟ್ಟಾಗ ಅಂಗಡಿಯವರು ನಕ್ಕರು; ನಡುವಿನ ಕೀ ಏಳನೆಯ ನಾಣ್ಯಕ್ಕೆ ಇಳಿಯಿತು. ಒಳಭಾಗದಲ್ಲಿ ಒತ್ತುವುದು ತುದಿಗಿಂತ ಬಿಗಿಯೆಂದು ನನಗೂ ತಿಳಿಯಿತು, ಆದರೆ ಮಗಳು ತನ್ನ ಪಾಠದ ಮೆಲುದನಿಯ ಸಾಲುಗಳನ್ನು ಎರಡು ಸಲ ಸ್ವರ ತಪ್ಪಿಸದೆ ನುಡಿಸಿದಳು, ಆದ್ದರಿಂದ ಮುಂಗಡ ಕೊಟ್ಟು ಬಂದಿದ್ದೇವೆ. ಅದರ ಉದ್ದ 1,326 ಮಿಲಿಮೀಟರ್ ಎಂದು ಬರೆದುಕೊಂಡಿದ್ದೇನೆ. ಮೂರನೆಯ ಮಹಡಿಯವರು ಪ್ಲೈವುಡ್ ಮೇಜಿನ ಎತ್ತರ ಎಷ್ಟಿಟ್ಟಿರೆಂದು ದಯವಿಟ್ಟು ತಿಳಿಸಬೇಕು. ಬಡಗಿ ನಾಳೆ ಬೆಳಿಗ್ಗೆ ಬರುತ್ತಾರೆ, ಮಗಳ ಕಾಲು ಇನ್ನೂ ನೆಲಕ್ಕೆ ಎಟುಕುವುದಿಲ್ಲ.